ಕಣ್ಣಲ್ಲಿ ಮೇಕೆ, ಬಾಯಲ್ಲಿ ಆಡು

ನಾಗರ ಪಂಚಮಿಗೆ ನಾಲ್ಕು ದಿನ ಇದ್ದಾಗ ಶಾಲೆಯಿಂದ ಕರೆ ಬಂತು. ನಾನು ಬಿಸಿಯೂಟದ ಅಡುಗೆ ಬಿಟ್ಟು ಎರಡು ವರ್ಷವಾಗಿದೆ, ಮೊಣಕಾಲು ಕೈಕೊಟ್ಟಿವೆ. ಆದರೂ ಏನಾದರೂ ಸಿಗದಿದ್ದರೆ ನನ್ನನ್ನೇ ಕರೆಯುತ್ತಾರೆ. ಈ ಸಲ ದೊಡ್ಡ ಜರಡಿ ಸಿಕ್ಕಿರಲಿಲ್ಲ. ಕೋಲೂರಿಕೊಂಡು ಹೋಗಿ ಕಾಳಿನ ಕೋಣೆಯಲ್ಲಿ ಅದು ಇದ್ದ ಜಾಗ ತೋರಿಸಿದೆ. ಹೊರಡಬೇಕು ಎನ್ನುವಷ್ಟರಲ್ಲಿ ಅಕ್ಕೋರು ಮೂಲೆಯ ಕಬ್ಬಿಣದ ಟ್ರಂಕಿನ ಮುಚ್ಚಳ ಎತ್ತಿದರು. ಹೆಣ್ಣು ಟೀಚರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಮೊದಲು ಡಾಂಬರು ಗುಳಿಗೆಯ ವಾಸನೆ ಬಂತು, ಅದರ ಹಿಂದೆ ನುಸಿ ಹಿಡಿದ ಅಕ್ಕಿಯದು, ಆಮೇಲೆ ಹಳೇ ಕಾಗದದ್ದು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

"ಯಾಕ ಆಯಿ, ಏನಾತು?" ಎಂದರು ಅಕ್ಕೋರು. ಊರಲ್ಲಿ ಸಣ್ಣವರೆಲ್ಲ ನನ್ನನ್ನು ಆಯಿ, ಅಂದರೆ ಅಜ್ಜಿ ಎಂದೇ ಕರೆಯುವುದು.

"ಏನಿಲ್ರಿ. ಮುಚ್ರಿ ಅದನ್ನ."

ಅವರು ಮುಚ್ಚಲಿಲ್ಲ. ಒಳಗಿನ ಪುಸ್ತಕಗಳನ್ನೆಲ್ಲ ತೆಗೆದು ನೆಲಕ್ಕೆ ಹರಡಿದರು. ತೆಳ್ಳಗಿನ ಪುಸ್ತಕಗಳು. ಒಂದು ಪುಟಕ್ಕೆ ಒಂದು ಚಿತ್ರ, ಚಿತ್ರದ ಕೆಳಗೆ ಒಂದು ಸಾಲು. ಆಗಷ್ಟೇ ಓದಲು ಕಲಿಯುವ ಮಕ್ಕಳು ಯಾರ ಸಹಾಯವೂ ಇಲ್ಲದೆ ಓದಿಕೊಳ್ಳಲಿ ಎಂದು ಸರ್ಕಾರ ಕೊಟ್ಟವು. ತರಗತಿಯಲ್ಲಿ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಚಿಮಟಿಗೆ ಸಿಕ್ಕಿಸಿ ಎಲ್ಲವನ್ನೂ ನೇತುಹಾಕುತ್ತೇನೆ, ಯಾರಿಗೆ ಯಾವುದು ಬೇಕೋ ತೆಗೆದುಕೊಳ್ಳಲಿ ಎಂದರು.

"ಹರದ್ರ?"

"ಹರೀಲಿ ಬಿಡ್ರಿ ಆಯಿ. ಓದಿದ ಪುಸ್ತಕ ಹರೀತಾವ, ಓದಲಾರದ್ದು ಇಲಿ ತಿಂತಾವ."

ಈ ಮಾತನ್ನು ನಾಲ್ಕು ವರ್ಷದ ಹಿಂದೆ ಯಾರಾದರೂ ಆಡಿದ್ದರೆ. ಆಡಲಿಲ್ಲ. ರಾಶಿಯೊಳಗೆ ಮೇಕೆಯ ಪುಸ್ತಕ ಕಂಡಿತು. ಇದೊಂದನ್ನು ನಾಲ್ಕು ದಿನ ಒಯ್ಯಲೇ ಎಂದು ಕೇಳಿದೆ. ಕಸ್ತೂರಿ ಪಂಚಮಿಗೆ ಬರುತ್ತಾಳೆ ಎಂದು ಆ ಹೊತ್ತಿಗೆ ಗೋವಾದಿಂದ ಫೋನು ಬಂದಾಗಿತ್ತು.

ಕಸ್ತೂರಿ ನನ್ನ ಮಗಳ ಮಗಳು. ನಾನು ಹೇಳಹೊರಟಿರುವುದು ಅವಳು ಮೂರನೇ ತರಗತಿಯಲ್ಲಿದ್ದ ವರ್ಷದ್ದು.

ರೋಗದ ಕಾಲಕ್ಕೆ ಮುಚ್ಚಿದ್ದ ಶಾಲೆ ಆ ವರ್ಷ ಜೂನ್ ತಿಂಗಳಿಗೆ ಸರಿಯಾಗಿ ಗಂಟೆ ಬಾರಿಸಿ ತೆರೆಯಿತು. ಕಸ್ತೂರಿ ಒಂದನೇದರಲ್ಲೂ ಕೂತಿರಲಿಲ್ಲ, ಎರಡನೇದರಲ್ಲೂ ಕೂತಿರಲಿಲ್ಲ. ಮನೆಯಲ್ಲಿದ್ದುಕೊಂಡೇ ಪಾಸಾಗಿ ಮೂರನೇದಕ್ಕೆ ಬಂದಿದ್ದಳು. ಅ ಆ ಇ ಈ ಎಂದು ರಾಗವಾಗಿ ಹಾಡುತ್ತಿದ್ದಳು. ಹಲಗೆಯ ಮೇಲೆ ಬರೆದು ಇದು ಯಾವುದು ಎಂದರೆ ಮತ್ತೆ ಮೊದಲಿಂದ ಹಾಡುತ್ತಿದ್ದಳು.

ಅವಳ ತಾಯಿ, ನನ್ನ ಮಗಳು ಮಹಾದೇವಿ, ಆ ರೋಗ ಮೊದಲ ಸಲ ಬಂದಾಗಲೇ ಹೋದಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರು. ದೂರದಿಂದ ತೋರಿಸಿದರು. ಅದರ ಬಗ್ಗೆ ಇಷ್ಟು ಸಾಕು. ಅಳಿಯ ಶೇಖಪ್ಪ ಹೊರಗಿನವನಲ್ಲ, ನನ್ನ ತಮ್ಮನ ಮಗನೇ. ವರ್ಷ ತುಂಬುವ ಮೊದಲೇ ಇನ್ನೊಂದು ಮದುವೆಯಾಗಿ, ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದ. ಹುಡುಗಿ ನನ್ನ ಹತ್ತಿರ ಉಳಿದಳು. ಅಲ್ಲಿ ಹೊಸ ಹೆಂಡತಿಗೆ ಹೆಣ್ಣು ಕೂಸಾಯಿತು.

ನಮ್ಮೂರು ನಾಲತವಾಡ ದಾಟಿ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿದೆ. ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಎರೆ ಮಣ್ಣು ಮಕ್ಕಳ ಕಾಲಿಗೆ ಸೇರುಗಟ್ಟಲೆ ಅಂಟಿಕೊಂಡು ಬರುತ್ತಿತ್ತು. ಶಾಲೆಯ ಮೆಟ್ಟಿಲ ಕಲ್ಲಿಗೆ ಉಜ್ಜಿ ಉಜ್ಜಿ ಒಳಗೆ ಬರುವುದರೊಳಗೆ ಅರ್ಧ ಪಾಠ ಮುಗಿದಿರುತ್ತಿತ್ತು. ಆಲಮಟ್ಟಿಯಲ್ಲಿ ಗೇಟು ಎತ್ತಿದರು. ಹೊಳೆ ಕೆಳಗಿನ ಹೊಲಗಳಿಗೆ ನುಗ್ಗಿ ಸೂರ್ಯಕಾಂತಿ ನಿಂತಲ್ಲೇ ಕೊಳೆಯಿತು. ತಿಂಗಳಿಡೀ ಊರಿಗೆ ಆ ನಾತ. ಅದರ ನಡುವೆಯೇ ನಾನು ದಿನಾ ನೂರಾ ಹತ್ತು ಮಕ್ಕಳಿಗೆ ಅನ್ನ, ಸಾರು ಮಾಡುತ್ತಿದ್ದೆ.

ದೊಡ್ಡ ಮಾಸ್ತರು, ಅಂದರೆ ಶಾಲೆಯ ಮುಖ್ಯ ಗುರುಗಳು, ಕೆಟ್ಟವರಲ್ಲ. ಹೆದರುವವರು. ಕಥೆಯ ಪುಸ್ತಕಗಳ ಟ್ರಂಕು ಬಂದ ದಿನ ಮುಚ್ಚಳ ತೆಗೆದು ಮಕ್ಕಳಿಗೆಲ್ಲ ತೋರಿಸಿದರು, ಯಾರೂ ಮುಟ್ಟುವ ಮೊದಲೇ ಮುಚ್ಚಿದರು. "ಒಂದು ಹಾಳಿ ಹರದ್ರೂ ನಾ ಉತ್ತರ ಕೊಡಬೇಕು. ತಿಳೀತಿಲ್ಲೋ?" ಎಂದರು. ಮಕ್ಕಳು "ಹೂಂರೀ" ಎಂದರು. ಡಾಂಬರು ಗುಳಿಗೆ ಹಾಕಿಸಿ, ಬೀಗ ಜಡಿಸಿ, ಟ್ರಂಕನ್ನು ನನ್ನ ಅಕ್ಕಿ ಚೀಲಗಳ ಪಕ್ಕಕ್ಕೆ ಇರಿಸಿದರು. ಆ ಕೀಲಿಕೈಯನ್ನು ಅದೇ ಕೋಣೆಯ ಕ್ಯಾಲೆಂಡರಿನ ಹಿಂದೆ ಮೊಳೆಗೆ ನೇತುಹಾಕಿದರು. ಅಷ್ಟು ಹೆದರುವವರಿಗೆ ಅಷ್ಟೇ ಬುದ್ಧಿ. "ಗಂಗವ್ವ, ಯಾರೂ ಮುಟ್ಟದಂಗ ನೋಡ್ಕೋ. ಮುಟ್ಟಿದ್ದು ಗೊತ್ತಾದ್ರ ಮೊದಲ ನಿನ್ನ ಕೆಲಸ ಹೋಗ್ತೈತಿ" ಎಂದರು ನನಗೆ.

ದೀಪಾವಳಿಗೆ ಶೇಖಪ್ಪ ಬಂದ. ಬಂದವನು ಚಪ್ಪಲಿ ಬಿಡುವ ಮೊದಲೇ ಮಾತು ತೆಗೆದ.

"ಅತ್ತಿ, ಕಸ್ತೂರಿನ್ನ ಕರ್ಕೊಂಡ ಹೋಗ್ತೇನಿ. ಇಬ್ರೂ ಕೆಲಸಕ್ಕ ಹೋಗ್ತೀವಿ, ಕೂಸು ನೋಡಾವ್ರು ಇಲ್ಲ."

"ಮತ್ತ ಸಾಲಿ?"

"ಯಾ ಸಾಲಿ? ಮೂರನೇತ್ತಾಕ ಬಂದಾಳ, ತನ್ನ ಹೆಸರ ಬರಿಯಾಕ ಬರಂಗಿಲ್ಲ. ಅಲ್ಲಿ ಹೋಗಿ ನಿನ್ನ ಅನ್ನ ಸಾರು ಉಂಡ ಬರ್ತಾಳ."

"ನಿನಗ ಬರ್ತೈತೇನಲೇ ಹೆಸರ ಬರಿಯಾಕ?"

"ಬರಂಗಿಲ್ಲ. ಅದಕ್ಕ ಇಟ್ಟಂಗಿ ಹೊರಾಕತ್ತೇನಿ."

"ಅದಕ್ಕ ಅಕೀನೂ ಹೊರ್ಲೇನು?"

ಮೂಲೆಯಲ್ಲಿ ಕಸ್ತೂರಿ ಕರ್ಚಿಕಾಯಿ ತಿನ್ನುತ್ತಿದ್ದವಳು ತಿನ್ನುವುದು ಬಿಟ್ಟಿದ್ದಳು. ಮರುದಿನ ಇಬ್ಬರೂ ದೊಡ್ಡ ಮಾಸ್ತರ ಮನೆಗೆ ಹೋದೆವು. ಮಾರ್ಚ್ ತಿಂಗಳಲ್ಲಿ ಮೇಲಿನ ಸಾಹೇಬರು ಬಂದು ಒಬ್ಬೊಬ್ಬ ಮಗುವಿನ ಕೈಲೂ ಓದಿಸಿ ನೋಡುತ್ತಾರೆ, ಅಲ್ಲಿಯವರೆಗೆ ತಡೆ ಎಂದು ಮಾಸ್ತರು ಹೇಳಿದರು. ಶೇಖಪ್ಪ ನನ್ನ ಕಡೆ ತಿರುಗಿದ.

"ಆತು. ಸಾಹೇಬ್ರು ಈಕಿಗೆ ಓದಾಕ ಬರ್ತೈತಿ ಅಂದ್ರ ನಿನ್ನ ಹಂತೇಕ ಬಿಡ್ತೇನಿ ಅತ್ತಿ, ಎಷ್ಟ ಕಲೀತಾಳೋ ಕಲೀಲಿ. ಬರಂಗಿಲ್ಲ ಅಂದ್ರ ನೀ ಬಾಯಿ ತಗೀಬಾರ್ದು. ಮಹಾದೇವಿ ಆಣಿ."

ಸತ್ತ ಮಗಳ ಆಣೆ. ನಾನು ಹೂಂ ಎಂದೆ.

ಅಕ್ಕೋರು ಒಬ್ಬರೇ ಮೂರು ತರಗತಿ ನೋಡಿಕೊಳ್ಳುತ್ತಿದ್ದರು. ಆಗ ಕೆಲಸಕ್ಕೆ ಹೊಸಬರು, ಖಾಯಂ ಆಗಿರಲಿಲ್ಲ. ಒಬ್ಬಳಿಗಾಗಿ ಕೂತು ಕಲಿಸುವುದು ಅವರ ಕೈಲಾಗುತ್ತಿರಲಿಲ್ಲ. ನನಗೆ ಬರುತ್ತಿದ್ದ ಓದಾದರೂ ಎಷ್ಟು? ವಯಸ್ಸಿನಲ್ಲಿದ್ದಾಗ ದೊಡ್ಡವರಿಗೆ ಅಕ್ಷರ ಕಲಿಸುವವರು ಊರಿಗೆ ಬಂದಿದ್ದರು. ಒಂದು ಬೇಸಿಗೆ ಕಲಿಸಿ ಹೋದರು. ಒತ್ತಕ್ಷರ ಶುರುವಾಗುವ ಮೊದಲೇ ನಿಂತುಹೋಯಿತು. ಬಿಡಿ ಅಕ್ಷರ ಕೂಡಿಸಿ ಓದುತ್ತಿದ್ದೆ. ಒತ್ತು ಬಂದರೆ ಹಾರಿಸುತ್ತಿದ್ದೆ. ಅಕ್ಕಿ ಚೀಲದ ಮೇಲಿನ "ಅಕ್ಕಿ" ಎಂಬುದನ್ನು ವರ್ಷಗಟ್ಟಲೆ "ಅಕಿ" ಎಂದೇ ಓದಿದವಳು ನಾನು.

ದೀಪಾವಳಿ ರಜೆ ಮುಗಿದ ಮೊದಲ ದಿನವೇ ಟ್ರಂಕು ತೆಗೆದೆ. ಮೇಲಿದ್ದ ಪುಸ್ತಕವನ್ನು ಖಾಲಿ ಬೋಗುಣಿಯೊಳಗೆ ಇಟ್ಟು, ಮೇಲೆ ಒರೆಸುವ ಬಟ್ಟೆ ಮುಚ್ಚಿ ಮನೆಗೆ ತಂದೆ. ಮರುದಿನ ಅದನ್ನಿಟ್ಟು ಇನ್ನೊಂದು. ಕಳ್ಳತನವೇ. ಬೇರೆ ಹೆಸರು ಕೊಡುವುದಿಲ್ಲ.

ಸಂಜೆ ಬಿಸಿಲು ಇರುವಾಗಲೇ ಅಂಗಳದಲ್ಲಿ ಕೂರುತ್ತಿದ್ದೆವು. ಚಿತ್ರದ ಆಸೆಗೆ ಅವಳು ಅಕ್ಷರಕ್ಕೆ ಬಂದಳು. ಇದು ಏನು ಹೇಳುತ್ತದೆ, ಇದು ಏನು ಹೇಳುತ್ತದೆ ಎಂದು ಜೀವ ತಿನ್ನುತ್ತಿದ್ದಳು. ಒಂದು ಪುಸ್ತಕದಲ್ಲಿ ಹಲಸಿನ ಹಣ್ಣು ಬಂತು. ಅವಳೂ ಕಂಡಿಲ್ಲ, ನಾನೂ ಕಂಡಿಲ್ಲ.

"ಆಯಿ, ಕುಂಬಳಕಾಯಿಗೆ ಸೊಳ್ಳಿ ಕಡದು ಗಾದ್ರಿ ಎದ್ದಾವೇನ?"

"ಸುಮ್ನ ಓದ."

"ಇದನ್ನ ಹೆಂಗ ತಿಂತಾರ ಬೇ, ಮುಳ್ಳ ಚುಚ್ಚೂದಿಲ್ಲ?"

"ತಿನ್ನಾವ್ರು ಅವರು, ಚುಚ್ಚಿದ್ರ ಅವರಿಗೇ ಚುಚ್ಚತೈತಿ. ನೀ ಮುಂದಿಂದ ಓದ."

ಒತ್ತಕ್ಷರ ನಾವಿಬ್ಬರೂ ಕೂಡಿಯೇ ಕಲಿತೆವು. ನಾನು ಅಕ್ಕೋರ ಹತ್ತಿರ ಅದು ಇದು ಮಾತಾಡುತ್ತ ಒಂದೊಂದೇ ಕೇಳಿಕೊಂಡು ಬರುತ್ತಿದ್ದೆ. ಕಸ್ತೂರಿ ಅದಕ್ಕೆ ತನ್ನದೇ ಹೆಸರಿಟ್ಟಳು: ಕೂಸಿನ ಅಕ್ಷರ. ದೊಡ್ಡ ಅಕ್ಷರ ಬಗಲಲ್ಲಿ ಸಣ್ಣ ಅಕ್ಷರವನ್ನು ಎತ್ತಿಕೊಂಡಿದೆಯಂತೆ. "ನೋಡ ಆಯಿ, ಅಜ್ಜಿಯೊಳಗ ಜಾ ಒಂದ ಕೂಸು ಎತ್ಕೊಂಡೈತಿ." ಅದನ್ನು ಕೇಳಿದ ಮೇಲೆ ನನಗೂ ಒತ್ತು ಮರೆಯಲಿಲ್ಲ.

ತೊಡಕು ಬಂದದ್ದು ಬೇರೆ ಕಡೆ.

ಮೇಕೆಯ ಪುಸ್ತಕ ತಂದ ದಿನ. ಮೊದಲ ಪುಟದಲ್ಲಿ ಬೋಳು ಗುಡ್ಡ, ಅದರ ತುದಿಗೆ ಆಡು. ಕೆಳಗೆ, "ಬೆಟ್ಟದ ಮೇಲೆ ಒಂದು ಮೇಕೆ ಇದೆ." ಅವಳು ಮೇ, ಕೆ ಎಂದು ಕೂಡಿಸಿದಳು. ಕೂಡಿಸಿ ನನ್ನ ಮುಖ ನೋಡಿದಳು.

"ಮೇಕೆ ಅಂದ್ರ?"

"ಆಡು."

"ಆಡು ಅಂತ ಯಾಕ ಬರದಿಲ್ಲ?"

"ಆ ಕಡೆ ಮಂದಿ ಹಂಗ ಅಂತಾರ."

"ಬೆಟ್ಟ?"

"ಗುಡ್ಡ."

"ಗುಡ್ಡಕ್ಕೂ ಬ್ಯಾರೆ ಹೆಸರೇನ?" ಹುಡುಗಿಗೆ ಸಿಟ್ಟು ಬಂತು. "ಈ ಪುಸ್ತಕ ನಮಗಲ್ಲ ಬಿಡ ಆಯಿ," ಎಂದು ಬದಿಗೆ ಸರಿಸಿದಳು. ಎರಡು ದಿನ ಮುಟ್ಟಲಿಲ್ಲ. ಮಾರ್ಚ್ ಓಡಿ ಬರುತ್ತಿದೆ, ಇವಳು ಗುಡ್ಡಕ್ಕೆ ಮುನಿಸಿಕೊಂಡು ಕೂತಿದ್ದಾಳೆ. ನಾನು ಹಿಂದೆ ಮುಂದೆ ಯೋಚಿಸದೆ ಒಂದು ದಾರಿ ತೋರಿಸಿದೆ.

"ಕೇಳಿಲ್ಲೆ. ಕಣ್ಣಿಲೆ ಅವರದ್ದ ಓದ. ಬಾಯಿಲೆ ನಮ್ಮದ್ದ ಹೇಳ. ಆತಿಲ್ಲ?"

ಅದು ಅವಳಿಗೆ ಆಟವಾಯಿತು. ಕಣ್ಣು "ಬೆಟ್ಟದ ಮೇಲೆ ಒಂದು ಮೇಕೆ ಇದೆ" ಎಂಬುದರ ಮೇಲೆ ಹರಿಯುವುದು, ಬಾಯಿ "ಗುಡ್ಡದ ಮ್ಯಾಲ ಒಂದು ಆಡ ಐತಿ" ಎನ್ನುವುದು. "ಅಜ್ಜಿ ಮೇಕೆಯನ್ನು ಕೂಗಿದಳು" ಎಂದಿದ್ದರೆ "ಆಯಿ ಆಡಿಗೆ ಒದರಿದಳು." ಮೊದಮೊದಲು ತಡವರಿಸುತ್ತಿದ್ದಳು. ಎಳ್ಳಮಾವಾಸ್ಯೆ ಬರುವ ಹೊತ್ತಿಗೆ ನೀರು ಕುಡಿದ ಹಾಗೆ. ಅಷ್ಟು ಬೇಗ ಒಂದು ಮಾತನ್ನು ಇನ್ನೊಂದು ಮಾಡುವುದು ನನ್ನಿಂದ ಇವತ್ತಿಗೂ ಆಗುವುದಿಲ್ಲ.

ಚಿತ್ರ ನೋಡಿ ಹೇಳುತ್ತಿದ್ದಾಳೋ ಏನೋ ಎಂಬ ಅನುಮಾನ ನನಗೂ ಇತ್ತು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋದೆವು. ಪೈರಿಗೆ ಎಡೆಯಾಗಿ ಚರಗ ಚೆಲ್ಲಿ, ಉಂಡು, ಜೋಳದ ನೆರಳಿಗೆ ಕೂತಾಗ ಆ ಪುಸ್ತಕದ ಕೊನೆಯ ಪುಟ ತೆಗೆದೆ. ಆ ಪುಟದ ಚಿತ್ರವನ್ನು ಟ್ರಂಕಿಗೆ ಸೇರುವ ಮೊದಲೇ ಇಲಿ ತಿಂದಿತ್ತು, ಸಾಲು ಮಾತ್ರ ಉಳಿದಿತ್ತು. ಅಲ್ಲಿಯವರೆಗೆ ನಾವು ಆ ಪುಟಕ್ಕೆ ಬಂದೇ ಇರಲಿಲ್ಲ.

"ಇದೇನ ಐತಿ ಹೇಳ ನೋಡೂನು."

ಕೈಯೊಳಗಿನ ಸಜ್ಜೆ ಕಡಬು ತಿನ್ನುತ್ತಲೇ ಬಗ್ಗಿ ನೋಡಿದಳು. "ಮಳಿ ಬಂತು. ಆಡು ತಾನ ಮನಿಗಿ ಬಂತು." ಬರೆದದ್ದು, "ಮಳೆ ಬಂತು. ಮೇಕೆ ತಾನೇ ಮನೆಗೆ ಬಂತು." ನಾನು ಎರಡು ಸಲ ಬೆರಳಿಟ್ಟು ಕೂಡಿಸಿ ನೋಡಿಕೊಂಡೆ. ಹುಡುಗಿಗೆ ಓದು ಬಂದಿತ್ತು. ನನಗೆ ಕಣ್ಣೀರು ಬರಲಿಲ್ಲ, ಹಸಿವಾಯಿತು. ಇನ್ನೊಂದು ರೊಟ್ಟಿ ತಿಂದೆ.

ಇಲ್ಲಿ ಒಂದು ಮಾತು. ಇದನ್ನೆಲ್ಲ ನಾನೇ ಬರೆದದ್ದು, ದಿನಕ್ಕೆ ಅರ್ಧ ಪುಟದ ಹಾಗೆ. ಅಕ್ಕೋರು ತಿದ್ದಿದ್ದಾರೆ. ನಾನು ಮನಿ ಎಂದು ಬರೆದಲ್ಲಿ ಮನೆ ಮಾಡಿದ್ದಾರೆ, ಸಾಲಿ ಎಂದಲ್ಲಿ ಶಾಲೆ. ಇರಲಿ. ಆದರೆ ಮಂದಿ ಆಡಿದ ಮಾತನ್ನು ಮುಟ್ಟಬೇಡಿ ಎಂದು ಕೈ ಹಿಡಿದು ಹೇಳಿದ್ದೇನೆ. ಯಾಕೆ ಎಂದು ಅವರು ಕೇಳಲಿಲ್ಲ. ಅವತ್ತು ಅವರೂ ಅಲ್ಲೇ ಇದ್ದರು.

ಸಾಹೇಬರು ಬರುವ ದಿನಕ್ಕೆ ಶೇಖಪ್ಪನೂ ಬಂದ. ಬೆಳಗ್ಗೆಯೇ ಶಾಲೆಯ ಬೇವಿನ ಮರದ ಕೆಳಗೆ, ಕಿಟಕಿಯ ಹತ್ತಿರ ಕೂತ. ಮಾರ್ಚ್ ತಿಂಗಳ ಬಿಸಿಲು, ಹತ್ತು ಗಂಟೆಗೇ ತಗಡು ಕಾದು ಚಟಪಟ ಎನ್ನುತ್ತಿತ್ತು. ನಾನು ಸಾರಿಗೆ ಒಗ್ಗರಣೆ ಹಾಕಿ, ಸೌಟು ಹಿಡಿದುಕೊಂಡೇ ತರಗತಿಯ ಬಾಗಿಲಿಗೆ ಬಂದು ನಿಂತೆ.

ಸಾಹೇಬರು ಒರಟರಲ್ಲ. ಆಡಿಗೆ ಮೇಕೆ ಎನ್ನುವ ಆ ಕಡೆಯವರು, ಮೆತ್ತಗಿನ ಮಾತು. ಪ್ರತಿ ಮಗುವಿಗೂ ಹೆದರಬೇಡ ಎನ್ನುತ್ತಿದ್ದರು. ಓದಿಸುವುದಕ್ಕೆ ಮಾಸ್ತರು ಆ ಟ್ರಂಕಿನ ಪುಸ್ತಕಗಳನ್ನೇ ತೆಗೆಸಿ ಮೇಜಿನ ಮೇಲೆ ಇಟ್ಟಿದ್ದರು. ಕಸ್ತೂರಿಯ ಪಾಳಿ ಬಂದಾಗ ಸಾಹೇಬರ ಕೈಗೆ ಸಿಕ್ಕಿದ್ದು ಮೇಕೆಯ ಪುಸ್ತಕ. ನನಗೆ ಜೀವ ಬಂತು. ಕಸ್ತೂರಿ ತಿರುಗಿ ನನ್ನನ್ನು ನೋಡಿ ಹಲ್ಲು ಕಿರಿದಳು.

ಅವರು ಮೊದಲ ಪುಟ ತೆಗೆದು, ಚಿತ್ರದ ಮೇಲೆ ಅಂಗೈ ಮುಚ್ಚಿದರು. "ಓದು ಮಗು."

"ಗುಡ್ಡದ ಮ್ಯಾಲ ಒಂದು ಆಡ ಐತಿ," ಎಂದಳು ಒಂದೇ ಉಸಿರಿಗೆ.

ಸಾಹೇಬರು ಪುಟ ನೋಡಿದರು, ಅವಳನ್ನು ನೋಡಿದರು. "ಇನ್ನೊಮ್ಮೆ ಓದು."

"ಗುಡ್ಡದ ಮ್ಯಾಲ ಒಂದು ಆಡ ಐತಿ."

"ಆಡು ಎಲ್ಲಿದೆ? ಬೆರಳಿಟ್ಟು ತೋರಿಸು."

ಸರಿಯಾಗಿ ಮೇಕೆಯ ಮೇಲೆ ಬೆರಳಿಟ್ಟಳು.

"ಇದರಲ್ಲಿ ಆ ಅಕ್ಷರ ಎಲ್ಲಿದೆ?"

ಕಸ್ತೂರಿ ಬೆರಳು ತೆಗೆಯಲಿಲ್ಲ. ಆ ಅಲ್ಲಿಲ್ಲ ಎಂದು ಅವಳಿಗೆ ಗೊತ್ತು. ಮೇ ಎಂದು ಹೇಳಬೇಕೋ, ಆ ಎಂದು ಹೇಳಬೇಕೋ, ಯಾವುದು ಹೇಳಿದರೆ ಸರಿ ಎಂಬುದು ಗೊತ್ತಿಲ್ಲ. ಕಣ್ಣಿನದ್ದನ್ನು ಬಾಯಿಗೆ ತರಬಾರದು ಎಂದು ಕಲಿಸಿದವಳು ನಾನು. ಅವಳು ತಿರುಗಿ ನನ್ನ ಕಡೆ ನೋಡಿದಳು. ಈ ಸಲ ಹಲ್ಲು ಕಿರಿಯಲಿಲ್ಲ.

"ಬಾಯಿಪಾಠ ಮಾಡಿದ್ದಾಳೆ," ಎಂದರು ಸಾಹೇಬರು ದೊಡ್ಡ ಮಾಸ್ತರಿಗೆ. "ಯಾರೋ ಕಥೆ ಹೇಳಿದ್ದಾರೆ, ಅದನ್ನು ಒಪ್ಪಿಸುತ್ತಿದ್ದಾಳೆ. ಅಕ್ಷರ ಗುರುತಿಸುತ್ತಿಲ್ಲ."

"ಹಂಗ ಆಗಾಕ ಸಾಧ್ಯಿಲ್ರಿ ಸರ್," ಎಂದರು ಮಾಸ್ತರು. "ಈ ಪುಸ್ತಕ ಟ್ರಂಕಿನಾಗ ಇದ್ದೂರಿ. ಮಕ್ಕಳು ಕಣ್ಣಿಲೆ ಸೈತ ನೋಡಿಲ್ರಿ."

ಒಂದು ಗಳಿಗೆ ಎಲ್ಲ ಸರಿಹೋಗುತ್ತದೆ ಎನ್ನಿಸಿತು. ಪುಸ್ತಕವನ್ನೇ ಕಾಣದವಳು ಬಾಯಿಪಾಠ ಹೇಗೆ ಮಾಡಿದಳು ಎಂದು ಸಾಹೇಬರು ಕೇಳಿಕೊಳ್ಳಬೇಕಿತ್ತು. ಆದರೆ ಅವರು ಪುಟ ತಿರುವಿದರು. ಎರಡನೇ ಪುಟದ ಅಂಚಿನಲ್ಲಿ ಹಳದಿ ಹೆಬ್ಬೆಟ್ಟಿನ ಗುರುತು. ಮೂರನೇದರಲ್ಲೂ. ದೊಡ್ಡ ಹೆಬ್ಬೆಟ್ಟು.

"ಇದೇನು, ಅರಿಶಿನವೇ?"

ದೊಡ್ಡ ಮಾಸ್ತರು ಆ ಗುರುತು ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ ನನ್ನ ಕೈ ನೋಡಿದರು. ಬೇಳೆಗೆ ಅರಿಶಿನ ಹಾಕಿ ಹಾಕಿ ನನ್ನ ಹೆಬ್ಬೆರಳು ವರ್ಷಗಳಿಂದ ಹಳದಿ. ಅದನ್ನು ಸೆರಗಿನೊಳಗೆ ಎಳೆದುಕೊಂಡೆ.

ಆಗ ನಾನು ಒಳಗೆ ಹೋಗಿ ನಾಲ್ಕು ಮಾತು ಆಡಬಹುದಿತ್ತು. ಸಾಹೇಬ್ರ, ಆಕಿಗೆ ಓದಾಕ ಬರ್ತೈತ್ರಿ, ನಮ್ಮ ಮಾತಿನಾಗ ಹೇಳಂತ ನಾನ ಕಲಿಸೇನ್ರಿ, ಬ್ಯಾರೆ ಪುಸ್ತಕ ಕೊಟ್ಟು ಇದ್ದಂಗ ಓದ ಅನ್ರಿ. ಇಷ್ಟೇ. ಈಗ ಬರೆಯುವುದಕ್ಕೆ ಒಂದೂವರೆ ಸಾಲು. ಅವತ್ತು ಬಾಯಿಗೆ ಬರಲಿಲ್ಲ. ಬಂತು, ನಾನು ಬಿಡಲಿಲ್ಲ. ಟ್ರಂಕು ತೆಗೆದದ್ದು ನಾನೇ ಎಂದು ಒಪ್ಪಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಹುಡುಗಿಯನ್ನು ಇಟ್ಟುಕೊಂಡು ಏನು ಉಣಿಸಲಿ ಎಂದು ಲೆಕ್ಕ ಹಾಕಿದೆ. ಹುಡುಗಿಯೇ ಹೋಗುತ್ತಾಳೆ ಎಂಬುದು ಆ ಲೆಕ್ಕಕ್ಕೆ ಬರಲಿಲ್ಲ. ಅಕ್ಕೋರು ಗೋಡೆಗೆ ಒರಗಿ ನಿಂತಿದ್ದರು. ಒಮ್ಮೆ ಬಾಯಿ ತೆರೆದರು, ಮಾಸ್ತರ ಮುಖ ನೋಡಿ ಮುಚ್ಚಿದರು. ನಾನಾದರೂ ಅವರನ್ನು ಯಾವ ಬಾಯಿಂದ ಬೈಯಲಿ?

ಸಾಹೇಬರು ಕಸ್ತೂರಿಯ ತಲೆ ಸವರಿ, "ಪರವಾಗಿಲ್ಲ ಮಗು, ಮುಂದಿನ ವರ್ಷ ಕಲಿ," ಎಂದರು. ಅವಳ ಹೆಸರಿನ ಮುಂದೆ ಏನೋ ಬರೆದರು. ನಾನು ಬಾಗಿಲಿಂದಲೇ ಓದಲು ನೋಡಿದೆ, ಕೂಡಿಸಲಾಗಲಿಲ್ಲ.

ಬೇವಿನ ಮರದ ಕೆಳಗೆ ಶೇಖಪ್ಪ ಎದ್ದು ನಿಂತಿದ್ದ. ಕಿಟಕಿಯಿಂದ ಎಲ್ಲ ಕೇಳಿಸಿತ್ತು.

"ಬರ್ತೈತಲೇ ಅಕಿಗೆ ಓದಾಕ," ಎಂದೆ. "ನಮ್ಮ ಮಾತಿನಾಗ ಹೇಳಿದ್ಲು, ಅಷ್ಟ."

"ಸಾಹೇಬ್ರಿಗಿಂತ ನಿನಗ ಹೆಚ್ಚ ಗೊತ್ತೇನ ಅತ್ತಿ?"

"ಗೊತ್ತೈತಿ."

"ಮತ್ತ ಒಳಗ ಹೋಗಿ ಹೇಳಬೇಕಿತ್ತಿಲ್ಲ, ನನ್ನ ಮುಂದ ಯಾಕ ಹೇಳ್ತಿ?"

ಅವನು ಕುಹಕಕ್ಕೆ ಆಡಿದ ಮಾತಲ್ಲ. ನಿಜವಾಗಿಯೇ ಕೇಳಿದ. ನಾನು ಸೌಟು ಹಿಡಿದು ಒಳಗೆ ಹೋದೆ. ಮಕ್ಕಳಿಗೆ ಬಡಿಸುವ ಹೊತ್ತಾಗಿತ್ತು. ಕಸ್ತೂರಿ ತಟ್ಟೆ ತರಲಿಲ್ಲ.

ಮನೆಯಲ್ಲಿ ಒಂದೇ ಪ್ರಶ್ನೆ ಕೇಳಿದಳು. "ಆಯಿ, ನಾ ಏನ ತಪ್ಪ ಓದಿದೆ?" ತಪ್ಪಿಲ್ಲ, ಸುಮ್ಮನೆ ಮಲಗು ಎಂದೆ. ಅದೂ ಸುಳ್ಳಾಯಿತು, ಯಾಕೆಂದರೆ ತಪ್ಪಿಲ್ಲದಿದ್ದರೆ ಯಾಕೆ ಕಳಿಸುತ್ತಾರೆ?

ಒಂದು ವಾರಕ್ಕೆ ಹೊರಟರು. ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿಗೆ ನಾನೂ ಹೋದೆ. ಎರಡು ಜೊತೆ ಬಟ್ಟೆಯ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಬಸ್ಸು ಬಂದು ತಿರುಗಿ ನಿಂತಿತು, ಮುಂದಿನ ಗಾಜಿನ ಮೇಲೆ ಹಲಗೆ. ಅವಳು ತಲೆ ಎತ್ತಿ ನೋಡಿದಳು. ತುಟಿ ಆಡಿದವು.

"ಮುದ್ದೇಬಿಹಾಳ," ಎಂದಳು. "ಇದರಾಗೂ ಕೂಸಿನ ಅಕ್ಷರ ಐತಿ ಆಯಿ, ದಾ ಎತ್ಕೊಂಡೈತಿ." ಆಮೇಲೆ ಹಲಗೆಯ ಇನ್ನೊಂದು ಕೊನೆಯದು. "ಪ. ಣ. ಜಿ." ಅವಳಾಗಲೀ ನಾನಾಗಲೀ ಆ ಹೆಸರನ್ನು ಬರೆದದ್ದು ಯಾವತ್ತೂ ನೋಡಿರಲಿಲ್ಲ. ಅದಕ್ಕೆ ನಮ್ಮ ಮಾತಿನಲ್ಲಿ ಬೇರೆ ಹೆಸರೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದಳು.

"ಕೇಳಿದೇನಲೇ!" ನಾನು ಶೇಖಪ್ಪನ ಅಂಗಿ ಹಿಡಿದೆ. "ಓದಿದ್ಲ ನೋಡ! ಚಿತ್ರ ಎಲ್ಲೈತಿ ಇಲ್ಲಿ? ಬಾಯಿಪಾಠ ಎಲ್ಲೈತಿ?"

ಅವನು ನಿಧಾನವಾಗಿ ನನ್ನ ಕೈ ಬಿಡಿಸಿದ. "ಕಂಡಕ್ಟರ್ ಪಣಜಿ ಪಣಜಿ ಅಂತ ಒದರಾಕತ್ತಾನ ಅತ್ತಿ. ಕುರುಡ್ರೂ ಓದ್ತಾರ ಅದನ್ನ."

ಒದರುತ್ತಿದ್ದದ್ದು ನಿಜ.

ಬಸ್ಸು ಹೋಯಿತು. ನಾನು ಮರುದಿನ ಅಡುಗೆಗೆ ಹೋದೆ. ದೊಡ್ಡ ಮಾಸ್ತರು ಟ್ರಂಕಿನ ವಿಷಯ ಎತ್ತಲೇ ಇಲ್ಲ. ಕೀಲಿಕೈ ಮಾತ್ರ ಕ್ಯಾಲೆಂಡರಿನ ಹಿಂದಿನಿಂದ ಅವರ ಕಿಸೆಗೆ ಹೋಗಿತ್ತು. ನನ್ನ ಕೆಲಸ ಉಳಿಯಿತು. ಇನ್ನೂ ಎರಡು ವರ್ಷ ಬೇರೆಯವರ ಮಕ್ಕಳಿಗೆ ಬೇಯಿಸಿ ಹಾಕಿದೆ. ದೊಡ್ಡ ಮಾಸ್ತರು ವರ್ಗವಾಗಿ ಹೋದರು. ಅಕ್ಕೋರಿಗೆ ಕೆಲಸ ಖಾಯಂ ಆಯಿತು. ಟ್ರಂಕು ಬಿಚ್ಚಲು ಅವರಿಗೂ ಇಷ್ಟು ವರ್ಷ ಹಿಡಿಯಿತು.

ಪಂಚಮಿಗೆ ಕಸ್ತೂರಿ ಬಂದಳು. ನಾಲ್ಕು ವರ್ಷದಲ್ಲಿ ಮೊದಲ ಸಲ. ಹನ್ನೆರಡು ತುಂಬಿ ಹದಿಮೂರು. ನನ್ನ ಹೆಗಲಿಗಿಂತ ಎತ್ತರವಾಗಿದ್ದಾಳೆ. ಅವಳು ನೋಡಿಕೊಳ್ಳಲು ಹೋದ ಕೂಸಿಗೆ ಈಗ ಐದು ವರ್ಷ, ಪಿಂಕಿ ಎಂದು ಹೆಸರು, ಅವಳ ಅಂಗಿ ಹಿಡಿದುಕೊಂಡು ಬಂದಿತ್ತು. ಬಗಲಲ್ಲಿ ಶೇಖಪ್ಪನ ಇನ್ನೊಂದು ಕೂಸು. ಮನೆಯೊಳಗೆ ಕಾಲಿಟ್ಟವಳು ಕೂಸನ್ನು ಇಳಿಸದೆಯೇ ಒಂದೇ ಕೈಯಲ್ಲಿ ನೀರು ತುಂಬಿಕೊಂಡು ಕುಡಿದಳು. ಅಂಗೈ ನೋಡಿದೆ. ಕೂಸು ನೋಡಿಕೊಳ್ಳುವುದಷ್ಟೇ ಅಲ್ಲ, ಇಟ್ಟಿಗೆಯನ್ನೂ ಎತ್ತುತ್ತಾಳೆ. ನಾನು ಕೇಳಲಿಲ್ಲ.

ಜೋಕಾಲಿ ಕಟ್ಟಿದ್ದೆ, ಆಡಲಿಲ್ಲ. ಮಕ್ಕಳನ್ನು ಕೂರಿಸಿ ತೂಗಿದಳು. ಮಧ್ಯಾಹ್ನ ಉಂಡು ಕೂತಾಗ ಮೇಕೆಯ ಪುಸ್ತಕ ತಂದು ಅವಳ ತೊಡೆಯ ಮೇಲಿಟ್ಟೆ. ನೆನಪಾಯಿತೋ ಇಲ್ಲವೋ, ಮುಖದಲ್ಲಿ ತೋರಿಸಲಿಲ್ಲ. ಬಗಲಿನ ಕೂಸಿಗೆ ತೋರಿಸುತ್ತ ಪಟಪಟ ಪುಟ ಮಗುಚಿದಳು. "ದೇಖ್, ಬಕ್ರಿ. ಊಪರ್ ದೇಖ್, ಬಕ್ರಿ." ಆಡಿಗೆ ಹಿಂದಿಯಲ್ಲಿ ಬಕ್ರಿ ಅಂತ. ಮೂರು ಪುಟ, ನಾಲ್ಕು ಪುಟ. ಚಿತ್ರದಿಂದ ಚಿತ್ರಕ್ಕೆ ಹಾರುತ್ತಿದ್ದ ಅವಳ ಕಣ್ಣು ಒಮ್ಮೆಯೂ ಕೆಳಗಿನ ಸಾಲಿಗೆ ಇಳಿಯಲಿಲ್ಲ.

"ಕೆಳಗಿಂದ ಓದ," ಎಂದೆ.

ನಕ್ಕಳು. "ಅದೆಲ್ಲಾ ಎಲ್ಲಿ ಬೇ ಆಯಿ. ಅಲ್ಲಿ ಬ್ಯಾರೇನ ಇರ್ತಾವ ಅಕ್ಷರ."

"ಇದೊಂದ." ಮೊದಲ ಪುಟಕ್ಕೆ ತಿರುವಿ ಮೇಕೆಯ ಮೇಲೆ ಬೆರಳಿಟ್ಟೆ.

ಬಹಳ ಹೊತ್ತು ನೋಡಿದಳು. ಕೂಸು ಅವಳ ಕಿವಿಯ ರಿಂಗು ಎಳೆಯುತ್ತಿತ್ತು. "ಆಡ," ಎಂದಳು. ಅಂದವಳೇ ತಟ್ಟನೆ ನನ್ನ ಮುಖ ನೋಡಿದಳು, ಅವತ್ತು ಬಾಗಿಲ ಕಡೆ ನೋಡಿದಂತೆಯೇ. "ಅಲ್ಲ ಅಲ್ಲ. ಅದು ತಪ್ಪಿಲ್ಲ ಆಯಿ? ಸಾಹೇಬ್ರು ತಪ್ಪಂದಿದ್ರಲ್ಲ."

"ನೀ ತಪ್ಪ ಹೇಳಿದ್ದಿಲ್ಲ. ನಾ ತಪ್ಪ ಕಲಿಸಿದ್ದೆ. ಹೇಳೂ ಹೊತ್ತಿನಾಗ ನಾ ಬಾಯಿ ಮುಚ್ಕೊಂಡ ನಿಂತೆ."

ನಾಲ್ಕು ವರ್ಷ ನುಂಗಿಕೊಂಡಿದ್ದ ಮಾತು. ಆಡಿದ ಮೇಲೆ ಏನಾದರೂ ಆಗುತ್ತದೆ ಎಂದುಕೊಂಡಿದ್ದೆ.

"ಯಾವಾಗಿಂದೋ ಬಿಡ ಬೇ," ಎಂದಳು ಕಸ್ತೂರಿ, ಪುಸ್ತಕ ಮುಚ್ಚಿ ಬದಿಗಿಡುತ್ತ. "ಒಂದ ಶೇಂಗಾದುಂಡಿ ಕೊಡ, ಕೂಸು ಅಳಾಕತ್ತೈತಿ."

ಉಂಡಿ ಕೊಟ್ಟೆ. ಅದನ್ನು ಹಲ್ಲಿನಲ್ಲಿ ಕಡಿದು, ಮೆತ್ತಗೆ ಮಾಡಿ ಕೂಸಿನ ಬಾಯಿಗಿಡುತ್ತ ಅವಳು ಜೋಕಾಲಿಯ ಕಡೆ ಹೋದಳು. ಪಿಂಕಿ ಅಲ್ಲೇ ಉಳಿಯಿತು. ಪುಸ್ತಕ ತೆಗೆದು, ನನ್ನ ಮೊಣಕಾಲಿಗೆ ಆತು ನಿಂತು, ಕೆಳಗಿನ ಸಾಲಿನ ಮೇಲೆ ಸಣ್ಣ ಬೆರಳಿಟ್ಟಿತು.

"ಯೇ ಕ್ಯಾ ಹೈ? ಏನ ಬರದಾರ ಇಲ್ಲಿ?"

ನಾನು ಕನ್ನಡಕ ಹಾಕಿಕೊಂಡು ಒಂದೊಂದೇ ಕೂಡಿಸಿದೆ. "ಬೆಟ್ಟದ ಮೇಲೆ ಒಂದು ಮೇಕೆ ಇದೆ."

ಅದು ಚಿತ್ರ ನೋಡಿತು, ನನ್ನನ್ನು ನೋಡಿತು. "ಇದು ಬಕ್ರಿ ಅಲ್ಲ?"

"ಅಲ್ಲ," ಎಂದೆ. "ಮೇಕೆ."